ಸಂಸ್ಕರಿಸಿದ ನೀರು ಹೊಳೆ ಸೇರದಂತೆ ಏನು ಮಾಡಿದಿರಿ?

ಪ್ರಶ್ನೆ (ಬೋಗಾದಿ, ಮೈಸೂರು): ನಮ್ಮದು 84 ಮನೆಗಳ ಅಪಾರ್ಟ್‌ಮೆಂಟ್. ಶೌಚಾಲಯಕ್ಕೂ ತೋಟಕ್ಕೂ ಬಳಸಿದ ಮೇಲೆ ದಿನಕ್ಕೆ 15 ಸಾವಿರ ಲೀಟರ್ ಸಂಸ್ಕರಿಸಿದ ಕೊಳಚೆ ನೀರು ಉಳಿದು ಮೋರಿಗೆ ಹರಿಯುತ್ತಿದೆ. ನಿಲ್ಲಿಸಿದವರು ಅನುಭವ ತಿಳಿಸಿ.

ಹಳೆಯ ಖಜಾಂಚಿ, ವಿಜಯನಗರ: ನಾವು ಅಲ್ಟ್ರಾ ಫಿಲ್ಟ್ರೇಷನ್ (ಅತಿ ಸಣ್ಣ ರಂಧ್ರಗಳ ಪೊರೆಯಲ್ಲಿ, ಅಂದರೆ ಮೆಂಬ್ರೇನಿನಲ್ಲಿ ನೀರು ಸೋಸುವ ಯಂತ್ರ) ಹಾಕಿಸಿದೆವು, 6.40 ಲಕ್ಷ. ಹದಿನಾಲ್ಕನೇ ತಿಂಗಳಿಗೆ ಮೆಂಬ್ರೇನ್ ಕಟ್ಟಿಕೊಂಡಿತು; ಬದಲಿಸಲು ಮತ್ತೆ 1.85 ಲಕ್ಷ. ಹುಡುಕಿದಾಗ ಗೊತ್ತಾಯಿತು, ಕರೆಂಟ್ ಬಿಲ್ ಉಳಿಸಲು ಸಂಸ್ಕರಣಾ ತೊಟ್ಟಿಗೆ ಗಾಳಿ ಊದುವ ಬ್ಲೋವರನ್ನು ರಾತ್ರಿ ನಿಲ್ಲಿಸುತ್ತಿದ್ದರು. ಗಾಳಿಯಿಲ್ಲದೆ ಕೊಳೆ ತಿನ್ನುವ ಸೂಕ್ಷ್ಮಾಣುಗಳು ಸತ್ತು, ಕೆಸರು ಮೇಲೆದ್ದು ಮೆಂಬ್ರೇನಿಗೆ ಮೆತ್ತಿತ್ತು. ಫ್ಲಷ್‌ನಲ್ಲಿ ಹಳದಿ ನೀರು ಬಂದ ವಾರ, ಸಭೆಯಲ್ಲಿ ನನ್ನನ್ನು ಕಳ್ಳ ಎಂದರು. ಒಂದು ರೂಪಾಯಿ ಮುಟ್ಟಿದವನಲ್ಲ ನಾನು.

ರೈತ, ವರುಣಾ ಹೋಬಳಿ: ಯಂತ್ರಕ್ಕೆ ಸುರಿಯುವ ಹಣದಲ್ಲಿ ಪೈಪ್ ಎಳೆಸಿ ಹೊಲಕ್ಕೆ ಕೊಡಿ. ಪಕ್ಕದ ಬಡಾವಣೆಯ ನೀರನ್ನು ಐದು ವರ್ಷದಿಂದ ಒಂದೂವರೆ ಎಕರೆ ನೇಪಿಯರ್ ಹುಲ್ಲಿಗೆ ಹಾಯಿಸುತ್ತಿದ್ದೇನೆ. ಯೂರಿಯಾ ಅರ್ಧಕ್ಕೆ ಇಳಿದಿದೆ. ಮೊದಲ ವರ್ಷ ಡ್ರಿಪ್ ಹಾಕಿ 58 ಸಾವಿರ ಕಳೆದುಕೊಂಡೆ. ಪ್ರತಿ ಸಂಜೆ ಫಿಲ್ಟರ್ ಬಿಚ್ಚಿದರೆ ಜಾಲರಿಯ ತುಂಬ ಅಂಬಲಿಯಷ್ಟು ಗಟ್ಟಿಯಾದ ಕಪ್ಪು ಲೋಳೆ. ಕಿತ್ತೆಸೆದು ಸಾಲುಗಳಲ್ಲೇ ಹಾಯಿಸಿದೆ. ಏಳು ಹಸುಗಳಿಗೆ ಈ ಹುಲ್ಲೇ ಆಧಾರ.

ನಂಜನಗೂಡಿನವನು: ಕಬಿನಿ ಹೊಳೆಯ ನಂಜನಗೂಡು–ಹೆಜ್ಜಿಗೆ ಭಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಕಲುಷಿತ ನದಿಗಳ ಪಟ್ಟಿಯಲ್ಲಿತ್ತು. ಸ್ನಾನದ ನೀರಿಗೆ ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕ) ಮಿತಿ ಲೀಟರಿಗೆ 3 ಮಿಲಿಗ್ರಾಂ. ನೀವು ಬಿಒಡಿ 10ಕ್ಕೆ ಇಳಿಸಿ ಬೆನ್ನು ತಟ್ಟಿಕೊಳ್ಳುತ್ತೀರಿ. ನೀರಿನಲ್ಲೇ ಉಳಿಯುವ ಸಾರಜನಕ, ರಂಜಕದ ಲೆಕ್ಕ ಯಾರಿಟ್ಟಿದ್ದೀರಿ? ಪಾಚಿ ಬೆಳೆಯುವುದು ಅದರಿಂದ. ಹುಲ್ಲು ಹೀರುವುದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಹೊಲಕ್ಕೆ ನೀರೇ ಬೇಡವಾದಾಗ ಎಲ್ಲಿಗೆ ಬಿಡುತ್ತೀರಿ ಸ್ವಾಮಿ? ನಮ್ಮ ಹೊಳೆಗೆ. ನಮ್ಮ ತಾಯಿ ಬಟ್ಟೆ ಒಗೆದು ಮಡಿಯುಡುತ್ತಿದ್ದ ಮೆಟ್ಟಿಲಿನ ಮೇಲೆ ಇಂದು ಕಾಲಿಡಲು ಮನಸ್ಸಾಗುವುದಿಲ್ಲ.

ರೈತ, ವರುಣಾ ಹೋಬಳಿ: ನೋಡದೆ ಆಡಬೇಡಿ. ಮಳೆಗಾಲಕ್ಕೆಂದೇ ಎರಡು ಲಕ್ಷ ಲೀಟರಿನ ಹೊಂಡ ತೋಡಿಸಿದ್ದೇನೆ, ಹಾಸುವ ಪ್ಲಾಸ್ಟಿಕ್‌ಗೇ 72 ಸಾವಿರ. ಒಂದು ಹನಿ ಆಚೆ ಹೋಗಿಲ್ಲ.

ಹಳೆಯ ಖಜಾಂಚಿ, ವಿಜಯನಗರ: ಐದು ವರ್ಷದಲ್ಲಿ ಒಂದು ಹನಿಯೂ ಹೋಗಿಲ್ಲವೇ? ದಿನಕ್ಕೆ 15 ಸಾವಿರ ಬಂದರೆ ಎರಡು ಲಕ್ಷ ತುಂಬಲು ಎರಡು ವಾರ ಸಾಕು. ಲೆಕ್ಕ ನನಗೂ ಬರುತ್ತದೆ. ಸೊಳ್ಳೆಯ ಕಥೆಯನ್ನೂ ಹೇಳಿ.

ರೈತ, ವರುಣಾ ಹೋಬಳಿ: ನನಗೆ ಬರುವುದು ದಿನಕ್ಕೆ ನಾಲ್ಕು ಸಾವಿರ. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟಿದ್ದೇನೆ. ಭಾನುವಾರ ಇಬ್ಬರೂ ಬನ್ನಿ, ಹೊಂಡದ ದಡದಲ್ಲೇ ನಿಂತು ಮಾತನಾಡೋಣ.