ದಸರಾ ರಜೆ ಮುಗಿದ ಮೇಲೆ ತರಗತಿಯನ್ನು ಮತ್ತೆ ಹಳಿಗೆ ತರೋದು ಹೇಗೆ?

ಕಾಫಿಹೂವು (ಸಕಲೇಶಪುರ ತಾಲ್ಲೂಕು) ಕೇಳಿದ್ದು:
4 ಮತ್ತು 5ನೇ ತರಗತಿ ಒಂದೇ ಕೋಣೆ, ಒಟ್ಟು 26 ಮಕ್ಕಳು. ಜೂನ್‌ನಲ್ಲಿ ರೂಢಿ ಮಾಡಿಸಿದ್ದೆಲ್ಲ ರಜೆಯಲ್ಲಿ ಮರೆತುಹೋಗಿದೆ. ಪುಸ್ತಕ ತೆಗೆಯೋಕೇ ಐದು ನಿಮಿಷ. ನಾಲ್ಕನೇ ತರಗತಿಗೆ ಪಾಠ ಮಾಡ್ತಿದ್ರೆ ಐದನೇ ತರಗತಿಯವರ ಗಲಾಟೆ. ಪ್ರಶ್ನೆ ಕೇಳಿದ್ರೆ ಯಾವಾಗ್ಲೂ ಅದೇ ನಾಲ್ಕು ಕೈ ಮೇಲೇಳೋದು. ಮಳೆ ರಜೆಗಳಿಂದಾಗಿ ಪಾಠವೂ ಹಿಂದೆ ಬಿದ್ದಿದೆ. ಮೊದಲ ವಾರ ಕಿರುಪರೀಕ್ಷೆ ಇಟ್ಟು ಶುರು ಮಾಡೋದಾ, ನೇರ ಪಾಠಕ್ಕೆ ಹೋಗೋದಾ?

ಬಳಪ (ಹಾಸನ):
ಮೇಡಂ, ಎಲ್ಲವನ್ನೂ ಒಟ್ಟಿಗೆ ಸರಿಮಾಡೋಕೆ ಹೋದ್ರೆ ಬುಧವಾರದ ಹೊತ್ತಿಗೆ ನೀವೇ ಕೈಬಿಡ್ತೀರಿ. ಮೊದಲ ವಾರಕ್ಕೆ ಎರಡು ರೂಢಿ ಸಾಕು: ಪುಸ್ತಕ ತೆಗೆಯೋದು, ಸನ್ನೆ ಕೊಟ್ಟಾಗ ಸುಮ್ಮನಾಗೋದು.

ಲೆಕ್ಕ ಹಾಕಿ: ಅವಧಿಗೆ 5 ನಿಮಿಷದಂತೆ ಏಳು ಅವಧಿಗೆ 35 ನಿಮಿಷ. ದಿನಕ್ಕೆ ಹೆಚ್ಚುಕಮ್ಮಿ ಒಂದು ಪೀರಿಯಡ್ಡೇ ಹೋಯ್ತು. ಅದಕ್ಕೇ, ಪಾಠ ಹಿಂದೆ ಬಿದ್ದಿದೆ ಅಂತ ಈ ಅಭ್ಯಾಸಕ್ಕೆ ಸಮಯ ಕೊಡದೇ ಇರೋದು ನಷ್ಟದ ವ್ಯಾಪಾರ.

ಇದನ್ನೂ ಪಾಠದ ಹಾಗೇ ಕಲಿಸಿ. ನೀವು ಮಾಡಿ ತೋರಿಸಿ, ಒಂದು ಸಾಲಿನವರು ಮಾಡಲಿ, ಆಮೇಲೆ ಎಲ್ಲರೂ. ಗಡಿಯಾರ ನೋಡಿ ಸಮಯ ಹೇಳಿ. ಒಂದು ನಿಮಿಷದೊಳಗೆ ಬಂದ್ರೆ ಸಾಕು. ದಿನಾಂಕ, ಪುಟ ಸಂಖ್ಯೆ, ಮೊದಲ ಲೆಕ್ಕ ಇವು ಮಕ್ಕಳು ಪುಸ್ತಕ ತೆಗೆಯೋ ಮೊದಲೇ ಬೋರ್ಡ್ ಮೇಲಿರಲಿ, ಇಲ್ಲದಿದ್ರೆ "ಯಾವ ಪುಟ ಮಿಸ್" ಶುರುವಾಗುತ್ತೆ.

ಸನ್ನೆ ಚಪ್ಪಾಳೆಯೋ ಗಂಟೆಯೋ, ಯಾವುದಾದ್ರೂ ಒಂದೇ ಇರಲಿ. ಹೆಚ್ಚಿನವರು ಎಡವೋದು ಇಲ್ಲೇ: ಸನ್ನೆ ಕೊಟ್ಟು, ಇನ್ನೂ ನಾಲ್ಕು ಜನ ಮಾತಾಡ್ತಿರುವಾಗಲೇ ಸೂಚನೆ ಶುರು ಮಾಡ್ತಾರೆ. ಸನ್ನೆ ಆದ ಮೇಲೂ ಮಾತಾಡಬಹುದು ಅಂತ ಮಕ್ಕಳು ಅವತ್ತೇ ಕಲಿತುಬಿಡ್ತಾರೆ. ಪೂರ್ತಿ ಸದ್ದು ನಿಂತ ಮೇಲೇ ಬಾಯಿ ತೆಗೀರಿ.

ಇನ್ನು ಐದನೇ ತರಗತಿಯ ಗಲಾಟೆ. ಅವರಿಗೆ ಕೊಟ್ಟ ಕೆಲಸ ಗೊತ್ತಿರೋದೇ ಆಗಿರಬೇಕು. ಹೊಸದು ಕೊಟ್ರೆ ಎರಡೇ ನಿಮಿಷಕ್ಕೆ ಸಿಕ್ಕಿಹಾಕ್ಕೊಂಡು ಮಾತಿಗೆ ಇಳೀತಾರೆ. ಮೊದಲು ಅವರಿಗೆ ಕೆಲಸ ಹಚ್ಚಿ, ಒಂದು ಸುತ್ತು ಓಡಾಡಿ ಎಲ್ಲರ ಪೆನ್ಸಿಲ್ ಓಡ್ತಿದೆಯಾ ನೋಡಿ, ಆಮೇಲೆ ನಾಲ್ಕನೇ ತರಗತಿಗೆ ಬನ್ನಿ. ಉತ್ತರದ ಚೀಟಿ ಹಿಂದಿನ ಗೋಡೆಯಲ್ಲಿದ್ರೆ ಮುಗಿಸಿದವರು ತಾವೇ ನೋಡ್ಕೊಂಡು ತಿದ್ದಿಕೊಳ್ತಾರೆ.

ಮೂರೇಮಗ್ಗಿ (ಕಡೂರು):
ಕಿರುಪರೀಕ್ಷೆ ಬೇಡ. ರಜೆಗೆ ಮುಂಚೆ ಎಸ್‌ಎ-1 (ಅರ್ಧವಾರ್ಷಿಕ ಪರೀಕ್ಷೆ) ಆಗಿದ್ರೆ ಆ ಉತ್ತರಪತ್ರಿಕೆಗಳೇ ಸಾಕು. ಅಂಕ ನೋಡ್ಬೇಡಿ, ತಪ್ಪು ಯಾವ ಥರದ್ದು ನೋಡಿ. ಉದಾಹರಣೆಗೆ 402 − 178, ಉತ್ತರ 224. ಮಗು 376 ಬರೆದಿದ್ರೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನ ಕಳೆದಿದೆ, ದಶಕ ಬಿಡಿಸೋದೇ ಗೊತ್ತಿಲ್ಲ. 234 ಬರೆದಿದ್ರೆ ಬಿಡಿಸೋದು ಗೊತ್ತು. ನೂರು ಬಿಡಿಸಿ ಬಂದ ಹತ್ತು ದಶಕದಲ್ಲಿ ಒಂದನ್ನ ಬಿಡಿಗೆ ಕೊಟ್ಟ ಮೇಲೆ ಒಂಬತ್ತು ಉಳೀತು ಅನ್ನೋದು ಬಿಟ್ಟುಹೋಗಿದೆ. ಮೊದಲನೆಯವರಿಗೆ ಕಡ್ಡಿ, ಕಡ್ಡಿಯ ಕಟ್ಟು ಕೈಗೆ ಕೊಡ್ಬೇಕು. ಎರಡನೆಯವರಿಗೆ ಮಧ್ಯದಲ್ಲಿ ಸೊನ್ನೆ ಇರೋ ನಾಲ್ಕೈದು ಲೆಕ್ಕ ಸಾಕು. ಇಬ್ಬರಿಗೂ "ವ್ಯವಕಲನ ಪುನರಾವರ್ತನೆ" ಅಂತ ಒಂದೇ ಪಾಠ ಮಾಡಿದ್ರೆ ಯಾರಿಗೂ ಉಪಯೋಗ ಇಲ್ಲ.

ಜೊತೆಗೆ ದಿನಾ ಮೊದಲ ಐದು ನಿಮಿಷ ಸ್ಲೇಟಿನ ಮೇಲೆ ಹಳೇ ಪಾಠದ ಮೂರು ಪ್ರಶ್ನೆ. ಅಂಕ ಬೇಡ. ಮಾಮೂಲಿ ಪಾಠ ಮೊದಲ ದಿನವೇ ಶುರುವಾಗಲಿ, ಅರ್ಧ ಅವಧಿಯಾದ್ರೂ.

ಏಲಕ್ಕಿ (ಮೂಡಿಗೆರೆ):
ಆ ನಾಲ್ಕು ಕೈಗಳ ವಿಷಯ ಯಾರೂ ಹೇಳಲಿಲ್ಲ. ಪ್ರಶ್ನೆ ಕೇಳಿ ಮನಸ್ಸಲ್ಲೇ ಮೂರರವರೆಗೆ ಎಣಿಸಿ, ಆಮೇಲೆ ಹೆಸರು ಕರೀರಿ. ಹೆಸರು ಮೊದಲೇ ಕರೆದ್ರೆ ಉಳಿದ 25 ಮಕ್ಕಳು ಯೋಚಿಸೋದು ಬಿಡ್ತಾರೆ. ಐಸ್‌ಕ್ರೀಮ್ ಕಡ್ಡಿ ಮೇಲೆ ಹೆಸರು ಬರೆದು ಡಬ್ಬಿಯಲ್ಲಿಟ್ಟು ಎತ್ತಿ. ಎತ್ತಿದ ಕಡ್ಡಿ ವಾಪಸ್ ಅದೇ ಡಬ್ಬಿಗೆ ಹೋಗ್ಲಿ, ಪಕ್ಕಕ್ಕಿಟ್ರೆ ಆ ಮಗುವಿಗೆ ಇವತ್ತಿನ ಪಾಳಿ ಮುಗೀತು. "ಗೊತ್ತಿಲ್ಲ" ಅಂದ್ರೆ ಇನ್ನೊಬ್ಬರಿಂದ ಉತ್ತರ ಕೇಳಿಸಿ ಮತ್ತೆ ಆ ಮಗುವಿನ ಹತ್ರಾನೇ ಬನ್ನಿ.

ಬಳಪ ಅವರ "ಮೊದಲ ವಾರ"ಕ್ಕೆ ನನ್ನದೊಂದು ತಕರಾರು. ವಿಜಯದಶಮಿ ಕಳೆದು ಇಪ್ಪತ್ತು ದಿನಕ್ಕೆ ದೀಪಾವಳಿ, ಹಾಸನದ ಕಡೆ ಹಾಸನಾಂಬೆ ದರ್ಶನವೂ ಅದೇ ಸುಮಾರಿಗೆ. ಅದರ ಹಿಂದೆಯೇ ಅರೇಬಿಕಾ ಕಾಫಿ ಕೊಯ್ಲು ಶುರು, ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಮಕ್ಕಳ ಹಾಜರಿ ಏರುಪೇರಾಗುತ್ತೆ. ದೀಪಾವಳಿ ಆದ ಮಾರನೇ ದಿನ ಪುಸ್ತಕ, ಸನ್ನೆ ಎರಡನ್ನೂ ಹತ್ತು ನಿಮಿಷ ಮತ್ತೆ ಮಾಡಿಸೋದನ್ನ ಈಗಲೇ ಪಾಠ ಯೋಜನೆಯಲ್ಲಿ ಬರೆದಿಟ್ಕೊಳ್ಳಿ.

ಕಾಫಿಹೂವು:
ಎಲ್ಲರಿಗೂ ಧನ್ಯವಾದ. ವಾರಗಟ್ಟಲೆ ಬಿಟ್ಟು ಬರೋ ಮಕ್ಕಳಿಗೆ ಏನು ಮಾಡೋದು?

ಏಲಕ್ಕಿ:
ಮೊದಲ ದಿನ ನೋಟ್ಸ್ ಕಾಪಿ ಮಾಡಿಸ್ಬೇಡಿ, ಅದರಲ್ಲೇ ದಿನ ಹೋಗುತ್ತೆ. ಪಕ್ಕದಲ್ಲಿ ಒಬ್ಬ ಜೊತೆಗಾರನನ್ನ ಕೂರಿಸಿ. ಮುಂದಿನ ಪಾಠಕ್ಕೆ ಬೇಕೇಬೇಕಾದ ಒಂದೆರಡು ಅಂಶ ಮಾತ್ರ ಆರಿಸಿ, ಐದನೇ ತರಗತಿ ಕೆಲಸದಲ್ಲಿರುವಾಗ ಹತ್ತು ನಿಮಿಷ ನೀವೇ ಹೇಳಿಕೊಡಿ. ಉಳಿದದ್ದು ಶನಿವಾರಕ್ಕೆ.