ದೋಹಾದಲ್ಲಿ ಒಂಬತ್ತು ಗಂಟೆ, ಆಮೇಲೆ ರಾತ್ರಿ ವಿಮಾನ: ಹೋಗಿಬಂದವರ ಅನುಭವ ಬೇಕು

ಸಿಂಧನೂರಿನವರ ವಿನಂತಿ:
ಮಗಳ ಬಾಣಂತನ ಮುಗಿಸಿಕೊಂಡು ನಾನೂ ನನ್ನ ಪತ್ನಿಯೂ ಮುಂದಿನ ತಿಂಗಳು ಲಂಡನ್ನಿನಿಂದ ಮರಳಲಿದ್ದೇವೆ. ದೋಹಾದಲ್ಲಿ ಒಂಬತ್ತು ಗಂಟೆ ಕಾದು, ರಾತ್ರಿ ವಿಮಾನದಲ್ಲಿ ಹೈದರಾಬಾದಿನ ಶಂಶಾಬಾದಿಗೆ ಇಳಿದು, ಅಲ್ಲಿಂದ ಕಾರಿನಲ್ಲಿ ಊರಿಗೆ ಬರಬೇಕು. ಹೋಗುವಾಗ ಅಳಿಯ ಜೊತೆಗಿದ್ದರು. ಈ ಸಲ ನಾವಿಬ್ಬರೇ. ಪತ್ನಿಗೆ ಸಕ್ಕರೆ ಕಾಯಿಲೆ ಇದೆ, ಮೊಣಕಾಲು ನೋವೂ ಇದೆ. ಅಷ್ಟು ಹೊತ್ತನ್ನು ಹೇಗೆ ಕಳೆಯುವುದೆಂದು ತಿಳಿದವರು ಹೇಳಬೇಕು.

ರಾಯಚೂರಿನ ನಿವೃತ್ತ ಶಿಕ್ಷಕರು:
ನಾನು ಇದೇ ದಾರಿಯಲ್ಲಿ ಬಂದವನು. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ ಪೆಟ್ಟಿಗೆಗಳು ಸಾಮಾನ್ಯವಾಗಿ ನೇರ ಶಂಶಾಬಾದಿಗೇ ಬರುತ್ತವೆ. ಲಂಡನ್ನಿನಲ್ಲಿ ಕೊಡುವ ಚೀಟಿಯನ್ನು ಮಾತ್ರ ಓದಿ ನೋಡಿ. ದೋಹಾದಲ್ಲಿ ಕೈಚೀಲದ ತಪಾಸಣೆ ಮತ್ತೊಮ್ಮೆ ಆಗುತ್ತದೆ. ಒಳಗಿನ ದೊಡ್ಡ ಅಂಗಳದಲ್ಲಿ ತಲೆಗೆ ದೀಪ ಸಿಕ್ಕಿಸಿಕೊಂಡು ಕುಳಿತ ಹಳದಿ ಕರಡಿಯೊಂದು ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಕಲಾವಿದ ಉರ್ಸ್ ಫಿಶರ್ ಅವರ ಕಂಚಿನ ಶಿಲ್ಪವದು, ಸುಮಾರು 7 ಮೀಟರ್ ಎತ್ತರ. ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ತೇರಿನ ಹತ್ತಿರ ಬಾ ಎನ್ನುವಂತೆ, ಬೇರೆಯಾದರೆ ಇಲ್ಲೇ ಸೇರುವುದೆಂದು ಮೊದಲೇ ಮಾತಾಡಿಕೊಳ್ಳಿ. 2022ರಲ್ಲಿ ತೆರೆದ ಒಳಾಂಗಣ ತೋಟವೂ ಇದೆ. ನೀರಿನ ಪಕ್ಕದಲ್ಲಿ ಮರಗಳ ನಡುವೆ ಕೂತರೆ ಒಂದು ಗಂಟೆ ಸರಿದದ್ದು ತಿಳಿಯುವುದಿಲ್ಲ.

ಆದರೆ ಎಲ್ಲ ಒಂಬತ್ತು ಗಂಟೆಯನ್ನೂ ಅಡ್ಡಾಡಿಯೇ ಕಳೆಯಬೇಡಿ. ಅಲ್ಲಿಂದ ಹೈದರಾಬಾದಿಗೆ ನಾಲ್ಕು ಗಂಟೆಯ ಆಸುಪಾಸಿನ ಹಾರಾಟ, ಅದರಲ್ಲಿ ಊಟ ಬಡಿಸಿ ತಟ್ಟೆ ಎತ್ತುವುದಕ್ಕೇ ಒಂದು ಗಂಟೆ ಹೋಗುತ್ತದೆ, ಇಳಿಯುವ ಮುಂಚೆ ದೀಪ ಹಾಕಿಬಿಡುತ್ತಾರೆ. ವಿಮಾನದಲ್ಲಿ ಮಲಗಿದರಾಯಿತು ಎಂದುಕೊಂಡವರು ಮಲಗದೆಯೇ ಊರು ಮುಟ್ಟುತ್ತಾರೆ. ನಿದ್ರೆಯನ್ನು ದೋಹಾದಲ್ಲೇ ಮುಗಿಸಿಕೊಳ್ಳಬೇಕು. ಒರಗುವ ಕುರ್ಚಿಗಳಿರುವ ವಿಶ್ರಾಂತಿ ಕೋಣೆಗಳಿವೆ; ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಇರುವುದರಿಂದ, ಏಳುವ ವೇಳೆಯನ್ನು ಇಬ್ಬರೂ ಗೊತ್ತುಮಾಡಿಕೊಂಡು ಒಳಗೆ ಹೋಗಿ. ನಮ್ಮ ಫೋನು ತಾನಾಗಿ ದೋಹಾ ಸಮಯ ತೋರಿಸುತ್ತಿತ್ತು, ನನ್ನ ಕೈಗಡಿಯಾರವನ್ನು ಮಾತ್ರ ಅಭಿಮಾನದಿಂದ ಭಾರತದ ಸಮಯದಲ್ಲೇ ಇಟ್ಟುಕೊಂಡಿದ್ದೆ. ಎರಡಕ್ಕೂ ಎರಡೂವರೆ ಗಂಟೆಯ ಅಂತರ. ವಿಮಾನ ತಪ್ಪಿತೆಂದು ಗಾಬರಿಯಾಗಿ ಮಲಗಿದ್ದ ಹೆಂಡತಿಯನ್ನು ಎಬ್ಬಿಸಿಕೊಂಡು ಓಡಿದರೆ, ಗೇಟಿನಲ್ಲಿ ಕಸ ಗುಡಿಸುವವರನ್ನು ಬಿಟ್ಟು ಇನ್ನಾರೂ ಇರಲಿಲ್ಲ. ಆ ಮಾತನ್ನು ಆಕೆ ಇವತ್ತಿಗೂ ಬೀಗರ ಮುಂದೆ ತೆಗೆಯುತ್ತಾಳೆ.

ಕೊಪ್ಪಳದಿಂದ ಒಬ್ಬ ಮಗಳು:
ನನ್ನ ತಾಯಿಗೂ ಮಧುಮೇಹ, ಹಾಗಾಗಿ ಊಟದ ವಿಷಯವನ್ನಷ್ಟೇ ಬರೆಯುತ್ತೇನೆ. ಇನ್ಸುಲಿನ್ ಮತ್ತು ಮಾತ್ರೆಗಳು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆ ತಡವಾದಾಗ ಕಷ್ಟ, ಚಳಿಗೆ ಇನ್ಸುಲಿನ್ ಕೆಡುವ ಭಯವೂ ಇದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯಂಥ ಒಣ ಪದಾರ್ಥಗಳಿಗೆ ನಮಗೆಲ್ಲೂ ಅಡ್ಡಿಯಾಗಲಿಲ್ಲ. ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿಯನ್ನು ದ್ರವವೆಂದು ಎಣಿಸುತ್ತಾರೆ, 100 ಮಿಲಿಲೀಟರ್ ಮಿತಿಯ ಕಾರಣಕ್ಕೆ ಒಂದು ನಿಲ್ದಾಣದಲ್ಲಿ ಅಮ್ಮನ ಮಾವಿನಕಾಯಿ ಡಬ್ಬಿ ಕಸದ ಬುಟ್ಟಿ ಸೇರಿತು. ಇನ್ನೊಂದು, ಟಿಕೆಟ್ಟಿನಲ್ಲಿ ಹಿಂದೂ ಊಟ ಎಂದು ಬರೆಸಿದರೆ ಅದು ಸಸ್ಯಾಹಾರವೆಂದು ಭಾವಿಸಬೇಡಿ. ಗೋಮಾಂಸವಿಲ್ಲದ ಮಾಂಸಾಹಾರ ಬರುವುದುಂಟು. ತಾವು ಸಸ್ಯಾಹಾರಿಗಳಾದರೆ ಏಷ್ಯನ್ ವೆಜಿಟೇರಿಯನ್ ಎಂದೇ ಕೇಳಬೇಕು, ಅದನ್ನೂ ಕಡಿಮೆಯೆಂದರೆ 24 ಗಂಟೆ ಮುಂಚೆ.

ಗಾಲಿಕುರ್ಚಿಯನ್ನೂ ಈಗಲೇ ಹೇಳಿಡಿ. ನಾನೇನು ಕುಂಟಿಯೇ ಎಂದು ನನ್ನ ತಾಯಿ ಮುನಿಸಿಕೊಂಡಿದ್ದರು. ಒಂದು ಗೇಟಿನಿಂದ ಇನ್ನೊಂದಕ್ಕಿರುವ ದೂರ ನೋಡಿದ ಮೇಲೆ ತಾವಾಗಿಯೇ ಕೂತರು.

ಬಳ್ಳಾರಿಯಿಂದ:
ಅಂಚಿನ ಸೀಟು ಕೇಳಿ, ಎದ್ದು ನಾಲ್ಕು ಹೆಜ್ಜೆ ಓಡಾಡಲು ಅನುಕೂಲ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿದ್ದರೆ ಕಾಲಿನಲ್ಲಿ ರಕ್ತ ನಿಲ್ಲುವುದಿಲ್ಲ. ವಿಮಾನದೊಳಗಿನ ಗಾಳಿ ನಮ್ಮ ಬಳ್ಳಾರಿಯ ಬೇಸಿಗೆಗಿಂತ ಒಣ, ಆದ್ದರಿಂದ ನೀರು ಕೇಳಲು ಸಂಕೋಚಪಡಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲಿರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಮತ್ತೆ ರಾಯಚೂರಿನ ಶಿಕ್ಷಕರು:
ಒಂದು ಮಾತು ಬಿಟ್ಟಿದ್ದೆ. ಶಂಶಾಬಾದಿನಿಂದ ಜಡ್ಚರ್ಲಾ, ಮಹಬೂಬನಗರ, ಮಕ್ತಲ್ ದಾಟಿ ಕೃಷ್ಣಾ ಸೇತುವೆಯ ಮೇಲೆ ಶಕ್ತಿನಗರದ ಚಿಮಣಿಗಳು ಕಾಣುವ ಹೊತ್ತಿಗೆ ನಾಲ್ಕು ತಾಸಾದರೂ ಆಗಿರುತ್ತದೆ, ತಮಗೆ ಅಲ್ಲಿಂದ ಸಿಂಧನೂರು ಇನ್ನೂ ಉಳಿದಿರುತ್ತದೆ. ಕಾರಿನವರು ಮಧ್ಯರಾತ್ರಿ ಊರು ಬಿಟ್ಟು ನಿದ್ದೆಗೆಟ್ಟು ಬರುವಂತಾಗಬಾರದು. ಹಿಂದಿನ ಸಂಜೆಯೇ ಶಂಶಾಬಾದಿಗೆ ಬಂದು ಮಲಗಿರಲು ಹೇಳಿ, ಕೋಣೆಯ ಬಾಡಿಗೆ ತಾವೇ ಕೊಡಿ.

ಸಿಂಧನೂರಿನವರು:
ಎಲ್ಲರಿಗೂ ಕೃತಜ್ಞತೆಗಳು. ಟಿಕೆಟ್ ತೆಗೆದು ನೋಡಿದೆ, ಅಳಿಯ ಹಿಂದೂ ಊಟವೆಂದೇ ಬರೆಸಿದ್ದಾರೆ. ಇವತ್ತು ರಾತ್ರಿಯೇ ಬದಲಾಯಿಸಲು ಹೇಳುತ್ತೇನೆ. ಗಾಲಿಕುರ್ಚಿಗೆ ಪತ್ನಿ ಇನ್ನೂ ಒಪ್ಪಿಲ್ಲ.