ಕ್ವಾರಿಗೆ ಒಪ್ಪಿಗೆ ಕೊಟ್ಟಿದ್ದ ಜಮೀನು, ಕೊಳ್ಳುವವರಿಗೆ ಹೇಳಲೇಬೇಕಾ?

ಪ್ರಶ್ನೆ (ಗುಡಿಬಂಡೆ ಕಡೆಯವರು): ವಕೀಲ ಮೇಡಂ, ನಮಸ್ಕಾರ. ನಮ್ಮದು 3 ಎಕರೆ 10 ಗುಂಟೆ ಪಟ್ಟಾ ಜಮೀನು, ಅದರಲ್ಲಿ ಒಂದೂವರೆ ಎಕರೆ ಬರೀ ಬಂಡೆ. ಅಪ್ಪ ಇದ್ದಾಗ ಆ ಬಂಡೆ ಭಾಗಕ್ಕೆ ಕಲ್ಲು ಕ್ವಾರಿಯವರಿಗೆ ಛಾಪಾ ಕಾಗದದಲ್ಲಿ ಒಪ್ಪಿಗೆ ಬರೆದುಕೊಟ್ಟಿದ್ದರು. ಈಗ ಕೆಲಸ ನಿಂತಿದೆ. ಬೆಂಗಳೂರಿನವರೊಬ್ಬರು ತೋಟ ಮಾಡೋಕೆ ಜಮೀನು ಕೇಳುತ್ತಿದ್ದಾರೆ. ಬ್ರೋಕರ್ ಮಾತ್ರ "ಪಹಣಿ ಕ್ಲೀನಾಗಿದೆ, ಇ.ಸಿ.ಯಲ್ಲೂ (ಋಣಭಾರ ಪ್ರಮಾಣಪತ್ರ) ಏನಿಲ್ಲ, ಸುಮ್ನೆ ಯಾಕೆ ಬಾಯಿ ಬಿಡ್ತೀರಿ" ಅಂತಾರೆ. ಹೇಗೂ ನೆಲದ ಕೆಳಗಿರೋದೆಲ್ಲ ಸರ್ಕಾರದ್ದು ಅಲ್ವಾ?

ಉತ್ತರ (ವಕೀಲರು): ಹೇಳಲೇಬೇಕು ಸರ್. ಅದೂ ಅಡ್ವಾನ್ಸ್ ಮುಟ್ಟೋಕೆ ಮುಂಚೆ, ಬರವಣಿಗೆಯಲ್ಲಿ.

ಸರ್ಕಾರದ್ದು ಅನ್ನೋ ಮಾತು ಹೆಚ್ಚುಕಡಿಮೆ ನಿಜ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 70 ಗಣಿ, ಖನಿಜದ ಹಕ್ಕನ್ನು ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಹಳೇ ಕಾನೂನಿನಲ್ಲೋ, ಮಂಜೂರಾತಿ ಷರತ್ತಿನಲ್ಲೋ ಬೇರೆ ಥರ ಇದ್ದರೆ ಅದಕ್ಕೆ ವಿನಾಯಿತಿ ಇದೆ. 2013ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಮಲಬಾರಿನ ಜನ್ಮಿ (ಹಳೇ ಕಾಲದಿಂದ ಪೂರ್ಣ ಒಡೆತನ ಇದ್ದ ಭೂಮಾಲೀಕರ) ಜಮೀನುಗಳ ಕೇಸಿನಲ್ಲಿ ಖನಿಜ ಜಮೀನಿನ ಮಾಲೀಕರದ್ದೇ ಅಂದಿತು, ಹಾಗಾಗಿ ಎಲ್ಲ ಕಡೆಗೂ ಒಂದೇ ಮಾತು ಹೇಳೋಕಾಗಲ್ಲ.

ಆದರೆ ನಿಮ್ಮ ವಿಷಯ ಅದಲ್ಲ. ಬಂಡೆ ಯಾರದ್ದಾದರೂ ಆಗಲಿ, ಅದನ್ನು ಒಡೆಯೋಕೆ ನಿಮ್ಮ ತಂದೆ ಒಪ್ಪಿದ ಕಾಗದ ಒಂದಿದೆ, ಅದು ನಿಮಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆ 1882ರ ಕಲಂ 55 ಹಿಡಿಯೋದು ಇಲ್ಲೇ. ಮಾಮೂಲಿ ಎಚ್ಚರಿಕೆಯಿಂದ ನೋಡಿದರೂ ಕಣ್ಣಿಗೆ ಬೀಳದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಅವರು ಹೇಳಬೇಕು, ಮುಚ್ಚಿಟ್ಟರೆ ಅದೇ ಕಲಂ ಅದನ್ನು ಮೋಸ ಅನ್ನುತ್ತದೆ. ನಾಳೆ ಅವರು ತೆಂಗಿನ ಸಸಿ ನೆಟ್ಟಾದ ಮೇಲೆ ಯಾರೋ ಜೆಸಿಬಿ ತಂದು ನಿಲ್ಲಿಸಿದರೆ ನೋಟಿಸ್ ಬರೋದು ಬ್ರೋಕರ್‌ಗಲ್ಲ, ನಿಮಗೆ.

ಇ.ಸಿ. ಕ್ಲೀನಾಗಿದೆ ಅಂದರೆ ಆ ಅವಧಿಯಲ್ಲಿ ನೋಂದಣಿಯಾದ ಪತ್ರ ಇಲ್ಲ ಅಂತ ಅರ್ಥ, ಅಷ್ಟೇ. ನೋಂದಣಿ ಮಾಡಿಸದ ಒಪ್ಪಿಗೆ ಪತ್ರ ಅದರಲ್ಲಿ ಬರೋದೇ ಇಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ನೋಂದಣಿ ಆಗಲೇಬೇಕು, ಆದ್ದರಿಂದ ಕ್ವಾರಿಯವರಿಗೆ ಇಲಾಖೆಯಿಂದ ನಿಜವಾಗಿ ಕಲ್ಲು ತೆಗೆಯೋ ಲೀಸ್ ಸಿಕ್ಕಿತ್ತಾ ಅಂತ ಮೊದಲು ತಿಳಿದುಕೊಳ್ಳಿ. ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಚೇರಿಗೆ ಸರ್ವೆ ನಂಬರ್, ಹಿಸ್ಸೆ (ಸರ್ವೆ ನಂಬರಿನ ಒಳಗಿನ ಪಾಲು) ನಂಬರ್ ಹಿಡಿದು ಹೋಗಿ, ಲೀಸ್ ಇದೆಯಾ, ಅರ್ಜಿ ಬಾಕಿ ಇದೆಯಾ ಎರಡನ್ನೂ ಕೇಳಿ. ಬಾಯಿಮಾತಿನ ಉತ್ತರ ಬೇಡ, ಆರ್‌ಟಿಐ ಹಾಕಿ. ಲೀಸ್ ಇದ್ದರೆ ಅದರ ನಕ್ಷೆಯನ್ನೂ ತೆಗೆದುಕೊಳ್ಳಿ, ಯಾಕಂದರೆ ಪಕ್ಕದವರ ಸರ್ವೆ ನಂಬರಿಗೆ ಕೊಟ್ಟ ಲೀಸ್ ನಿಮ್ಮ ಹಿಸ್ಸೆಗೂ ಚಾಚಿಕೊಂಡಿರಬಹುದು. ಜಮೀನಿನಲ್ಲಿ ಬಣ್ಣ ಬಳಿದು ನಂಬರ್ ಬರೆದ ಗಡಿ ಕಂಬ ಇದ್ದರೆ ಫೋಟೋ ತೆಗೆದಿಡಿ.

ಕ್ರಯದ ಕರಾರಿನಲ್ಲಿ ಹೀಗೆ ಬರೆಸಿ: "ಷೆಡ್ಯೂಲ್ ಸ್ವತ್ತಿನ ಪಶ್ಚಿಮ ಭಾಗದ 1 ಎಕರೆ 20 ಗುಂಟೆಯಲ್ಲಿ ಕಲ್ಲು ತೆಗೆಯಲು ನನ್ನ ತಂದೆಯವರು ಒಪ್ಪಿಗೆ ಪತ್ರ ಬರೆದುಕೊಟ್ಟಿರುತ್ತಾರೆ. ಅದರ ನಕಲನ್ನು ಖರೀದಿದಾರರು ಓದಿ ನೋಡಿರುತ್ತಾರೆ." ನಕಲನ್ನು ಜೊತೆಗೇ ಲಗತ್ತಿಸಿ.

ಅವರೇ ಮತ್ತೆ: ಹೇಳಿದರೆ ರೇಟು ಇಳಿಸ್ತಾರಲ್ಲ ಮೇಡಂ?

ಉತ್ತರ: ಇಳಿಸಬಹುದು. ಅದಕ್ಕೇ ಮೊದಲು ಕ್ವಾರಿಯವರನ್ನು ಕೂರಿಸಿ ಮಾತಾಡಿ, ಒಪ್ಪಿಗೆ ರದ್ದಾಯಿತು, ಬಾಕಿ ಏನೂ ಇಲ್ಲ ಅಂತ ಬರೆಸಿಕೊಳ್ಳಿ. ಇಲಾಖೆಯ ಲೀಸ್ ಚಾಲ್ತಿಯಲ್ಲಿದ್ದರೆ ಈ ಕಾಗದ ಸಾಲದು, ಜಮೀನು ಕೈ ಬದಲಾಯಿತು ಅಂತ ಲೀಸ್ ತಾನಾಗೇ ಬಿದ್ದುಹೋಗಲ್ಲ.

ಇನ್ನೊಬ್ಬರು (ಕೋಲಾರ): ಮೇಡಂ, ಮಗಳು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಮನೆ ನೋಡುತ್ತಿದ್ದಾಳೆ. ಖನಿಜದ ಹಕ್ಕಿನ ಬಗ್ಗೆ ಒಂದು ಫಾರಂ ಕೊಟ್ಟಿದ್ದಾರಂತೆ. ಮನೆಗೂ ಖನಿಜಕ್ಕೂ ಏನು ಸಂಬಂಧ?

ಉತ್ತರ: ಅಲ್ಲಿ ಖಾಸಗಿಯವರೇ ನೆಲವನ್ನು ಒಬ್ಬರಿಗೆ, ಅದರ ಕೆಳಗಿನ ಖನಿಜ, ಎಣ್ಣೆ, ಗ್ಯಾಸನ್ನು ಇನ್ನೊಬ್ಬರಿಗೆ ಮಾರಬಹುದು ಅಮ್ಮ. 2015ರ ಜನವರಿಯಿಂದ ಆ ರಾಜ್ಯದಲ್ಲಿ ಮನೆ ಮಾರುವವರು ಈ ಫಾರಂ ಕೊಡಬೇಕು. ಹಿಂದಿನ ಮಾಲೀಕರು ಹಕ್ಕು ಬೇರೆ ಮಾಡಿದ್ದಾರಾ, ನಾನು ಮಾಡಿದ್ದೀನಾ, ಮಾರೋಕೆ ಮುಂಚೆ ಮಾಡೋ ಉದ್ದೇಶ ಇದೆಯಾ ಅಂತ ಅದರಲ್ಲಿ ತಿಳಿಸಬೇಕು. ಹಿಂದಿನ ಮಾಲೀಕರ ವಿಷಯಕ್ಕೆ "ನಾನೇನೂ ಹೇಳಲ್ಲ" ಅಂತ ಗುರುತು ಹಾಕೋಕೂ ಅವಕಾಶ ಇದೆ. ಹಾಗೆ ಹಾಕಿದ್ದರೆ ಅಲ್ಲಿನ ವಕೀಲರ ಹತ್ತಿರ ಹಳೇ ಕ್ರಯಪತ್ರಗಳನ್ನು ನೋಡಿಸದೆ ಮುಂದುವರಿಯಬೇಡಿ ಅಂತ ಮಗಳಿಗೆ ಹೇಳಿ.

ಮತ್ತೊಬ್ಬರು (ಚಿಕ್ಕನಾಯಕನಹಳ್ಳಿ): ನಮ್ಮ ಕಡೆ ಕಬ್ಬಿಣದ ಅದಿರಿನ ಗಣಿ ಪಕ್ಕ ತೋಟ ಕೊಳ್ಳೋಣ ಅಂತಿದ್ದೀನಿ. ಪಹಣಿ ನನ್ನ ಹೆಸರಿಗೆ ಬಂದಮೇಲೆ ಗಣಿಯವರು ಕಾಲಿಡೋ ಹಾಗಿಲ್ಲ ಅಲ್ವಾ?

ಉತ್ತರ: ಆ ಜಮೀನು ಲೀಸ್ ಒಳಗಿದ್ದರೆ ಇಡಬಹುದು. 1957ರ ಗಣಿ ಮತ್ತು ಖನಿಜ ಕಾಯ್ದೆಯ ಕಲಂ 24ಎ ಲೀಸ್‌ದಾರರಿಗೆ ಒಳಗೆ ಬರೋ ಹಕ್ಕು ಕೊಡುತ್ತದೆ, ಮೇಲಿನ ನೆಲ ಅನುಭವಿಸುತ್ತಿರುವವರಿಗೆ ಪರಿಹಾರವನ್ನೂ ಕೊಡಬೇಕು ಅನ್ನುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಮ್ಮ ತುಮಕೂರು ಜಿಲ್ಲೆಯಲ್ಲೂ ಗಣಿಗಾರಿಕೆ ನಿಲ್ಲಿಸಿತ್ತು, ಆಮೇಲೆ ಷರತ್ತಿನ ಮೇಲೆ ಮತ್ತೆ ಶುರುವಾಯಿತು. ಹಾಗಾಗಿ ಗಣಿ ಇವತ್ತು ಮುಚ್ಚಿದೆ ಅಂತ ನಂಬಿ ಕೊಳ್ಳಬೇಡಿ. ಲೀಸ್ ನಕ್ಷೆ ತಂದು, ಸರ್ವೆಯವರಿಂದ ಅಳತೆ ಮಾಡಿಸಿ, ಮಾರುವವರಿಂದ ಬರವಣಿಗೆ ತೆಗೆದುಕೊಂಡ ಮೇಲೆಯೇ ಅಡ್ವಾನ್ಸ್ ಕೊಡಿ.